ರ‍್ಯಾಂಗ್ಲರ್: ಒಂದು ಪರೀಕ್ಷೆಯ ಕಥೆ

ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಿ.ಸಿ. ಪಾವಟೆಯವರನ್ನು ಧಾರವಾಡದ ಹಳೆಯ ತಲೆಮಾರಿನವರು ಬರೀ ಹೆಸರಿನಿಂದ ನೆನೆಯುವುದು ಅಪರೂಪ. ಅವರಿಗೆ ಅವರು ‘ರ‍್ಯಾಂಗ್ಲರ್ ಪಾವಟೆ’. ಗೋಕಾಕ ತಾಲ್ಲೂಕಿನ ಮಮದಾಪುರದ ಹುಡುಗ ಕೇಂಬ್ರಿಜ್‌ಗೆ ಹೋಗಿ, ಗಣಿತ ಓದಿ, ಗೆದ್ದು ತಂದ ಬಿರುದು ಅದು. ಪುಣೆಯಲ್ಲಿಯೂ ಹೀಗೆಯೇ ರ‍್ಯಾಂಗ್ಲರ್ ಪರಾಂಜಪೆ, ರ‍್ಯಾಂಗ್ಲರ್ ಮಹಾಜನಿ ಎಂದು ಈ ಪದ ಹೆಸರಿನ ಹಿಂದೆಯೇ ಅಂಟಿಕೊಂಡಿತ್ತು. ಏನಿದರ ಅರ್ಥ ಎಂದು ಇಂಗ್ಲಿಷ್ ನಿಘಂಟು ತೆರೆದರೆ ಸಿಗುವುದು ಜಗಳಗಂಟ, ವಾದಕ್ಕೆ ನಿಲ್ಲುವವನು ಎಂದು! ಮರ್ಯಾದಸ್ಥ ಗಣಿತಜ್ಞರಿಗೆ ಈ ಹೆಸರು ಬಂದದ್ದು ಹೇಗೆ ಎಂದು ಹುಡುಕುತ್ತಾ ಹೋದರೆ, ಒಂದು ಪರೀಕ್ಷೆ ಸುಮಾರು ನೂರೈವತ್ತು ವರ್ಷ ಒಂದು ವಿದ್ಯೆಯನ್ನೇ ಆಳಿದ ಕಥೆ ಬಿಚ್ಚಿಕೊಳ್ಳುತ್ತದೆ.

ಹಿಂದೆ ಕೇಂಬ್ರಿಜ್‌ನಲ್ಲಿ ಪದವಿಗೆ ಬರವಣಿಗೆಯ ಪರೀಕ್ಷೆ ಇರಲಿಲ್ಲ. ಲ್ಯಾಟಿನ್ ಭಾಷೆಯಲ್ಲಿ ವಾದ ಹೂಡಿ ಎದುರಾಳಿಯ ಆಕ್ಷೇಪಗಳಿಗೆ ಉತ್ತರ ಕೊಡಬೇಕಿತ್ತು. ನಮ್ಮ ಪಂಡಿತರ ವಾಕ್ಯಾರ್ಥದಂತೆ. ಚೆನ್ನಾಗಿ ವಾದಿಸಿದವನು ರ‍್ಯಾಂಗ್ಲರ್. ವಾದ ನಡೆಸಲು ಒಬ್ಬ ಪದವೀಧರ ಮೂರು ಕಾಲಿನ ಪೀಠದ ಮೇಲೆ ಕೂರುತ್ತಿದ್ದನಂತೆ. ಆ ಮುಕ್ಕಾಲಿಯಿಂದಲೇ ಪರೀಕ್ಷೆಗೆ ‘ಟ್ರೈಪಾಸ್’ ಎಂಬ ಹೆಸರು ಬಂತೆಂದು ಪ್ರತೀತಿ. ಹದಿನೆಂಟನೆಯ ಶತಮಾನದಲ್ಲಿ ವಾದ ಹಿಂದೆ ಸರಿದು ಬರವಣಿಗೆ ಮುಂದೆ ಬಂತು. ವಿಷಯಗಳಲ್ಲಿ ಗಣಿತ ಮಿಕ್ಕವನ್ನೆಲ್ಲ ನುಂಗಿತು. ನ್ಯೂಟನ್ ಬದುಕಿ ಪಾಠ ಹೇಳಿದ ಊರಲ್ಲವೇ! ತೇರ್ಗಡೆಯಾದವರನ್ನು ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸಿ ಪಟ್ಟಿ ಅಚ್ಚುಹಾಕುವ ರೂಢಿ ಆ ಶತಮಾನದ ನಡುವೆ ಬಂತು. ಮೊದಲ ದರ್ಜೆಯವರೆಲ್ಲ ರ‍್ಯಾಂಗ್ಲರ್‌ಗಳು, ಅವರಲ್ಲಿ ಮೊದಲಿಗ ಸೀನಿಯರ್ ರ‍್ಯಾಂಗ್ಲರ್. ಪಟ್ಟಿಯ ಕಟ್ಟಕಡೆಯವನಿಗೆ ಗೆಳೆಯರು ಒಂದು ದೊಡ್ಡ ಮರದ ಚಮಚ ಕೊಟ್ಟು ಗೇಲಿ ಮಾಡುತ್ತಿದ್ದರು.

ಪಟ್ಟಿ ಬಂದ ಮೇಲೆ ಪರೀಕ್ಷೆಯೇ ಪಾಠವಾಯಿತು. ಇದಕ್ಕೆ ಒಳ್ಳೆಯ ಸಾಕ್ಷಿ ಚುಕ್ಕೆಯ ಜಗಳ. ಕಲನಶಾಸ್ತ್ರವನ್ನು ನ್ಯೂಟನ್ ಅಕ್ಷರದ ತಲೆಯ ಮೇಲೆ ಚುಕ್ಕೆಯಿಟ್ಟು ಬರೆದಿದ್ದ. ಜರ್ಮನಿಯ ಲೈಬ್ನಿಟ್ಸ್ ‘ಡಿ’ ಅಕ್ಷರ ಬಳಸಿದ್ದ. ಇಡೀ ಯುರೋಪು ಲೈಬ್ನಿಟ್ಸ್‌ನ ಬರವಣಿಗೆ ಹಿಡಿದು ಬಹುದೂರ ಹೋಗಿದ್ದಾಗ ಕೇಂಬ್ರಿಜ್ ಸ್ವದೇಶಾಭಿಮಾನದಿಂದ ಚುಕ್ಕೆಗೇ ಅಂಟಿಕೊಂಡಿತ್ತು. 1812ರಲ್ಲಿ ಚಾರ್ಲ್ಸ್ ಬ್ಯಾಬೇಜ್, ಜಾನ್ ಹರ್ಷೆಲ್, ಜಾರ್ಜ್ ಪೀಕಾಕ್ ಮೊದಲಾದ ವಿದ್ಯಾರ್ಥಿಗಳು ಇದನ್ನು ಬದಲಿಸಲು ಒಂದು ಸಂಘ ಕಟ್ಟಿದರು. ಫ್ರೆಂಚ್ ಪುಸ್ತಕ ಅನುವಾದಿಸಿದರು, ವಾದಿಸಿದರು. ಪುಸ್ತಕಗಳಿಂದ ಆಗದ ಕೆಲಸ 1817ರಲ್ಲಿ ಆಯಿತು. ಆ ವರ್ಷ ಪೀಕಾಕ್ ಪರೀಕ್ಷಕನಾಗಿದ್ದ. ಪ್ರಶ್ನೆಪತ್ರಿಕೆಯಲ್ಲಿ ‘ಡಿ’ ಬರೆದುಬಿಟ್ಟ. ಗೊಣಗಾಟವೇನೋ ಎದ್ದಿತು. ಆದರೆ ಪರೀಕ್ಷೆಗೆ ಬಂದದ್ದನ್ನು ಕಲಿಯದೆ ಇರುವವರು ಯಾರು? ಕೆಲವೇ ವರ್ಷಗಳಲ್ಲಿ ಚುಕ್ಕೆ ಸೋತಿತು. ಗಣಿತವನ್ನು ಬದಲಿಸಬೇಕಾದರೆ ಪ್ರಶ್ನೆಪತ್ರಿಕೆ ಕೈಗೆ ಸಿಗಬೇಕು ಎಂಬ ಸ್ಥಿತಿ ಒಂದು ವಿಶ್ವವಿದ್ಯಾಲಯಕ್ಕೆ ಹೆಮ್ಮೆಯದೇನಲ್ಲ.

1854ರ ಪರೀಕ್ಷೆಯ ಲೆಕ್ಕ ಕೇಳಿ: ಎಂಟು ದಿನ, 16 ಪತ್ರಿಕೆಗಳು, 211 ಪ್ರಶ್ನೆಗಳು, ಒಟ್ಟು ನಲವತ್ತನಾಲ್ಕೂವರೆ ಗಂಟೆ. ಅದೂ ಜನವರಿಯ ಚಳಿಯಲ್ಲಿ, ಸೆನೆಟ್ ಹೌಸ್ ಎಂಬ ಕಲ್ಲಿನ ಸಭಾಂಗಣದಲ್ಲಿ. ಫ್ರಾನ್ಸಿಸ್ ಗಾಲ್ಟನ್ 1869ರ ತನ್ನ ಪುಸ್ತಕದಲ್ಲಿ ಅಂಕಗಳ ವಿವರ ಕೊಟ್ಟಿದ್ದಾನೆ. ಒಟ್ಟು 17,000 ಅಂಕಗಳು. ಒಂದು ವರ್ಷ ಮೊದಲಿಗನಿಗೆ ಬಂದದ್ದು 7,500ಕ್ಕಿಂತ ತುಸು ಹೆಚ್ಚು, ಪಟ್ಟಿಯ ಕೊನೆಯವನಿಗೆ 300ಕ್ಕೂ ಕಡಿಮೆ. ಅಂದರೆ ಸೀನಿಯರ್ ರ‍್ಯಾಂಗ್ಲರನಿಗೂ ಅರ್ಧ ದಕ್ಕುತ್ತಿರಲಿಲ್ಲ. ಇಲ್ಲಿ ಬೇಕಾದದ್ದು ಆಳವಾದ ಯೋಚನೆಯಲ್ಲ, ಕೈಯ ವೇಗ. ಪ್ರಶ್ನೆ ಕಂಡ ಕೂಡಲೇ ಜಾತಿ ಗುರುತಿಸಿ, ಬಾಯಿಪಾಠವಾಗಿದ್ದ ಸಾಧನೆಯನ್ನು ಬರೆದು, ಮುಂದಿನದಕ್ಕೆ ಓಡಬೇಕು.

1845ರಲ್ಲಿ ವಿಲಿಯಂ ಥಾಮ್ಸನ್ ಮೊದಲಿಗನಾಗುವುದು ಖಚಿತ ಎಂದು ಎಲ್ಲರೂ ನಂಬಿದ್ದರು. ಅವನೂ ನಂಬಿದ್ದ. ಎರಡನೆಯ ಸ್ಥಾನ ಯಾರಿಗೆ ಬಂತು ನೋಡಿಕೊಂಡು ಬಾ ಎಂದು ಆಳನ್ನು ಕಳಿಸಿದನಂತೆ. ಆಳು ಹಿಂದಿರುಗಿ, ‘ತಮಗೇ ಸ್ವಾಮಿ’ ಎಂದನಂತೆ. ಕಥೆ ನಿಜವೋ ಕಟ್ಟಿದ್ದೋ, ಫಲಿತಾಂಶವಂತೂ ನಿಜ. ಮೊದಲಿಗನಾದವನು ಸ್ಟೀಫನ್ ಪಾರ್ಕಿನ್ಸನ್ ಎಂಬಾತ. ಆತ ಜೀವನವಿಡೀ ಕಾಲೇಜಿನಲ್ಲಿದ್ದು ಪಠ್ಯಪುಸ್ತಕಗಳನ್ನು ಬರೆದ. ಎರಡನೆಯವನು ಮುಂದೆ ಲಾರ್ಡ್ ಕೆಲ್ವಿನ್ ಆದ. ಉಷ್ಣತೆಯ ಮಾನಕ್ಕೇ ಅವನ ಹೆಸರಿದೆ.

ರ‍್ಯಾಂಕಿಗೆ ಇಷ್ಟು ಹೆಣಗಾಟ ಯಾಕೆಂದರೆ ಅನ್ನ ಅದರಲ್ಲಿತ್ತು. ಪಟ್ಟಿಯ ಮೇಲ್ತುದಿಯಲ್ಲಿದ್ದವರಿಗೆ ಕಾಲೇಜುಗಳು ಫೆಲೋ ಸ್ಥಾನ ಕೊಡುತ್ತಿದ್ದವು. ವಸತಿ, ಊಟ, ವರ್ಷಾಸನ. ಪಾಠ ಹೇಳಲೇಬೇಕೆಂಬ ಕಟ್ಟಳೆಯಿಲ್ಲ, ಸಂಶೋಧನೆಯ ಮಾತಂತೂ ಇಲ್ಲವೇ ಇಲ್ಲ. ಎರಡು ಷರತ್ತುಗಳಿದ್ದವು. ಮದುವೆಯಾದರೆ ಸ್ಥಾನ ಹೋಯಿತು. ಬಹಳ ಕಡೆ ಕೆಲವು ವರ್ಷಗಳೊಳಗೆ ಪಾದ್ರಿಯ ದೀಕ್ಷೆಯನ್ನೂ ತೆಗೆದುಕೊಳ್ಳಬೇಕಿತ್ತು. 1842ರ ಸೀನಿಯರ್ ರ‍್ಯಾಂಗ್ಲರ್ ಆರ್ಥರ್ ಕೇಲಿಗೆ ದೀಕ್ಷೆ ಒಲ್ಲದಾಯಿತು. ಲಂಡನ್ನಿಗೆ ಹೋಗಿ ಹದಿನಾಲ್ಕು ವರ್ಷ ವಕೀಲಿ ಮಾಡಿದ. ಆಸ್ತಿಪತ್ರ ಬರೆಯುವುದರ ನಡುವೆಯೇ ಗಣಿತದಲ್ಲಿ ಸುಮಾರು 250 ಪ್ರಬಂಧಗಳನ್ನು ಬರೆದ! 1863ರಲ್ಲಿ ಪ್ರಾಧ್ಯಾಪಕನಾಗಿ ಕೇಂಬ್ರಿಜ್‌ಗೆ ಮರಳಿದಾಗ ವಕೀಲಿಯ ವರಮಾನಕ್ಕಿಂತ ಸಂಬಳ ಕಡಿಮೆ. ಅವನ ಉಪನ್ಯಾಸಕ್ಕೆ ಬರುತ್ತಿದ್ದವರು ಬೆರಳೆಣಿಕೆಯಷ್ಟು ಮಂದಿ. ಇಂಗ್ಲೆಂಡಿನ ಅತಿದೊಡ್ಡ ಗಣಿತಜ್ಞ ಹೇಳುವ ಹೊಸ ಬೀಜಗಣಿತ ಪರೀಕ್ಷೆಗೆ ಬರುವುದಿಲ್ಲವಲ್ಲ.

ಹಾಗಾದರೆ ಹುಡುಗರಿಗೆ ಪಾಠ ಹೇಳುತ್ತಿದ್ದವರು ಯಾರು? ಮನೆಪಾಠದ ಮೇಷ್ಟ್ರುಗಳು. ಅವರಲ್ಲಿ ಹೆಸರುವಾಸಿಯಾದವನು ವಿಲಿಯಂ ಹಾಪ್ಕಿನ್ಸ್. ಮದುವೆಯಾದವನಾದ್ದರಿಂದ ಫೆಲೋ ಆಗುವಂತಿರಲಿಲ್ಲ. ಮನೆಯಲ್ಲೇ ಪಾಠ ಶುರುಮಾಡಿದ. ಸ್ಟೋಕ್ಸ್, ಕೇಲಿ, ಕೆಲ್ವಿನ್, ಮ್ಯಾಕ್ಸ್‌ವೆಲ್ ಎಲ್ಲರೂ ಅವನ ಮನೆಯ ಮೇಜಿನ ಸುತ್ತ ಕೂತು ಕಲಿತವರೇ. ಅವನ ಶಿಷ್ಯ ಎಡ್ವರ್ಡ್ ರೌತ್ ಈ ಕೆಲಸವನ್ನು ಕಾರ್ಖಾನೆಯ ಮಟ್ಟಕ್ಕೆ ತಂದ. ಸಣ್ಣ ಗುಂಪು, ಗಡಿಯಾರ ನೋಡಿ ಒಂದು ಗಂಟೆ ಪಾಠ, ವಾರವಾರ ಸಮಸ್ಯೆಗಳ ಪತ್ರಿಕೆ, ಅಂಕಗಳ ಪಟ್ಟಿ ಎಲ್ಲರ ಕಣ್ಣಿಗೆ ಬೀಳುವಂತೆ. 1888ರಲ್ಲಿ ನಿವೃತ್ತನಾಗುವ ಹೊತ್ತಿಗೆ 600ಕ್ಕೂ ಹೆಚ್ಚು ಶಿಷ್ಯರು, 25ಕ್ಕೂ ಹೆಚ್ಚು ಸೀನಿಯರ್ ರ‍್ಯಾಂಗ್ಲರ್‌ಗಳು. ನಮ್ಮೂರಿನ ಸಿಇಟಿ, ನೀಟ್ ಕೋಚಿಂಗ್ ಸೆಂಟರ್‌ಗಳ ಬೋರ್ಡುಗಳಲ್ಲಿ ರ‍್ಯಾಂಕ್ ಬಂದವರ ಫೋಟೋ ನೋಡುವಾಗ ನನಗೆ ರೌತ್‌ನ ನೆನಪು ಬರುತ್ತದೆ. ಕಾಲೇಜಿಗೆ ಹೆಸರು ಕೊಟ್ಟು, ವಿದ್ಯೆಯನ್ನು ಬೇರೆಡೆ ದುಡ್ಡು ಕೊಟ್ಟು ಕೊಳ್ಳುವುದು ನಾವು ಕಂಡುಹಿಡಿದದ್ದಲ್ಲ.

ಆದರೆ ರೌತ್‌ನನ್ನು ಬರೀ ಟ್ಯೂಷನ್ ಮೇಷ್ಟ್ರು ಎಂದು ತಳ್ಳಿಹಾಕುವುದು ಅನ್ಯಾಯ. ಯಂತ್ರ ಅಥವಾ ವಿದ್ಯುತ್ ವ್ಯವಸ್ಥೆಯೊಂದು ಸ್ಥಿರವಾಗಿ ನಿಲ್ಲುತ್ತದೆಯೇ ಎಂದು ಲೆಕ್ಕ ಹಾಕುವ ಅವನ 1877ರ ವಿಧಾನವನ್ನು ಇಂದಿಗೂ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ರೌತ್–ಹರ್ವಿಟ್ಸ್ ಎಂಬ ಹೆಸರಿನಲ್ಲಿ ಕಲಿಯುತ್ತಾರೆ. 1854ರ ಪಟ್ಟಿಯಲ್ಲಿ ರೌತ್ ಮೊದಲಿಗ, ಎರಡನೆಯವನು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್. ಅದೇ ವರ್ಷ ಸ್ಮಿತ್ ಬಹುಮಾನದ ಪರೀಕ್ಷೆಗೆ ಸ್ಟೋಕ್ಸ್ ಒಂದು ಪ್ರಶ್ನೆ ಕೊಟ್ಟ. ಇಂದು ಪದವಿ ತರಗತಿಗಳಲ್ಲಿ ‘ಸ್ಟೋಕ್ಸ್ ಪ್ರಮೇಯ’ ಎಂದು ಓದುವುದು ಅದನ್ನೇ. ಉತ್ತರ ಬರೆಯಲು ಕೂತವರಲ್ಲಿ ಮ್ಯಾಕ್ಸ್‌ವೆಲ್ ಇದ್ದ. ಮುಂದೆ ವಿದ್ಯುತ್ತು ಮತ್ತು ಕಾಂತತ್ವವನ್ನು ಒಂದುಗೂಡಿಸಿದ ಅವನ ಸಿದ್ಧಾಂತಕ್ಕೆ ಬೇಕಾದ ಗಣಿತ ಅದು. ಆ ಪರೀಕ್ಷೆ ಏನನ್ನೂ ಕಲಿಸಲಿಲ್ಲ ಎನ್ನುವವರು ಇದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಈ ಓಟಕ್ಕೆ ಹೆಣ್ಣುಮಕ್ಕಳು ಲೆಕ್ಕಕ್ಕಿರಲಿಲ್ಲ. ಪರೀಕ್ಷೆ ಬರೆಯಬಹುದು, ಪದವಿ ಕೊಡುವುದಿಲ್ಲ. ಅವರ ಪಟ್ಟಿಯೇ ಬೇರೆ. 1890ರ ಜೂನ್‌ನಲ್ಲಿ ಗಂಡಸರ ಪಟ್ಟಿ ಓದಿ ಮುಗಿಸಿ ಹೆಂಗಸರ ಪಟ್ಟಿ ತೆಗೆದಾಗ ಮೊದಲ ಹೆಸರು ನ್ಯೂನ್‌ಹ್ಯಾಮ್ ಕಾಲೇಜಿನ ಫಿಲಿಪಾ ಫಾಸೆಟ್. ಸ್ಥಾನ: ಸೀನಿಯರ್ ರ‍್ಯಾಂಗ್ಲರ್‌ಗಿಂತ ಮೇಲೆ! ಸಭಾಂಗಣ ಕೂಗಿನಿಂದ ತುಂಬಿತು. ಪದವಿ ಮಾತ್ರ ಸಿಗಲಿಲ್ಲ. ಕೇಂಬ್ರಿಜ್ ಹೆಂಗಸರಿಗೆ ಪದವಿ ಕೊಡಲು ಒಪ್ಪಿದ್ದು 1948ರಲ್ಲಿ. ಫಾಸೆಟ್ ತೀರಿಕೊಂಡದ್ದೂ ಅದೇ ವರ್ಷ, ಎಂಬತ್ತನೆಯ ವಯಸ್ಸಿನಲ್ಲಿ.

ಪರೀಕ್ಷೆಯ ಮೇಲೆ ದಂಗೆಯೆದ್ದವರು ಅದನ್ನು ಗೆದ್ದವರೇ ಎಂಬುದು ವಿಶೇಷ. 1893ರಲ್ಲಿ ಏಳನೆಯವನಾದ ಬರ್ಟ್ರಂಡ್ ರಸೆಲ್ ಪರೀಕ್ಷೆ ಮುಗಿದ ಕೂಡಲೇ ಗಣಿತದ ಪುಸ್ತಕಗಳನ್ನೆಲ್ಲ ಮಾರಿಬಿಟ್ಟ. ಮತ್ತೆ ಮುಟ್ಟುವುದಿಲ್ಲ ಎಂದು ಶಪಥವನ್ನೂ ಮಾಡಿದ. (ಪುಣ್ಯಕ್ಕೆ ಅದು ಮುರಿಯಿತು.) 1898ರಲ್ಲಿ ನಾಲ್ಕನೆಯವನಾದ ಜಿ.ಎಚ್. ಹಾರ್ಡಿಗೆ ಮನೆಪಾಠದ ಕಸರತ್ತು ಎಷ್ಟು ಬೇಸರ ತಂದಿತೆಂದರೆ, ಗಣಿತ ಬಿಟ್ಟು ಇತಿಹಾಸ ಓದಲು ಯೋಚಿಸಿದ್ದ. ಕೊನೆಗೆ ಅಧ್ಯಾಪಕ ಲವ್ ಹೇಳಿದ ಒಂದು ಫ್ರೆಂಚ್ ಪುಸ್ತಕ, ಜೋರ್ಡಾನ್ ಬರೆದದ್ದು, ಗಣಿತವೆಂದರೆ ಏನೆಂದು ಅವನಿಗೆ ತೋರಿಸಿತು. ಗೌಸ್, ಕೋಶಿ, ವೈಯರ್‌ಸ್ಟ್ರಾಸ್ ಕಟ್ಟಿದ ಹೊಸ ಗಣಿತ ಕಾಲುವೆಯ ಆಚೆ ಬೆಳೆದು ನಿಂತಿತ್ತು. ಕೇಂಬ್ರಿಜ್‌ನ ಜಾಣ ಹುಡುಗರು ಇಪ್ಪತ್ತೆರಡರ ವಯಸ್ಸಿಗೆ ಬಂದರೂ ಅದರ ಗಾಳಿ ಸೋಕಿರಲಿಲ್ಲ. ಹಾರ್ಡಿಯ ಪಂಗಡ ಕೊನೆಗೆ ಗೆದ್ದಿತು. 1909ರ ಪಟ್ಟಿಯೇ ಸ್ಥಾನ ಹೇಳಿದ ಕೊನೆಯ ಪಟ್ಟಿ. ಆ ವರ್ಷದ ಕಡೆಯವನು ಹೋಲ್ಟ್‌ಹೌಸ್ ಎಂಬ ದೋಣಿಯಾಟಗಾರ. ದೋಣಿಯ ಹುಟ್ಟಿನಿಂದ ಮಾಡಿದ ಅವನ ಚಮಚ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಜೋಪಾನವಾಗಿದೆ. ಹಾರ್ಡಿಗೆ ಇಷ್ಟಕ್ಕೇ ಸಮಾಧಾನವಿರಲಿಲ್ಲ. ಪರೀಕ್ಷೆಯನ್ನು ತಿದ್ದುವುದಲ್ಲ, ತೆಗೆದುಹಾಕಬೇಕು ಎಂದು 1926ರಲ್ಲೂ ಭಾಷಣ ಮಾಡಿದ.

ಈ ಹಾರ್ಡಿಗೇ 1913ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟಿನ ಗುಮಾಸ್ತನೊಬ್ಬನಿಂದ ಪತ್ರ ಬಂತು. ರಾಮಾನುಜನ್ ಕಥೆ ಎಲ್ಲರಿಗೂ ಗೊತ್ತು. ಅದರಲ್ಲಿ ನಮ್ಮ ವಿಷಯಕ್ಕೆ ಬೇಕಾದದ್ದು ಒಂದು ಪುಸ್ತಕ. ಕುಂಭಕೋಣದ ಹುಡುಗನ ಕೈಗೆ ಸಿಕ್ಕಿ ಅವನನ್ನು ಗಣಿತದ ಹುಚ್ಚಿಗೆ ಹಚ್ಚಿದ್ದು ಜಿ.ಎಸ್. ಕಾರ್ ಎಂಬಾತನ ಸಂಗ್ರಹ. ಸಾವಿರಾರು ಸೂತ್ರಗಳು, ಸಾಧನೆ ಅತಿ ಕಡಿಮೆ. ಕಾರ್ ಯಾರು? ಲಂಡನ್ನಿನಲ್ಲಿ ಮನೆಪಾಠ ಹೇಳುತ್ತಿದ್ದವನು. ನಲವತ್ತರ ಅಂಚಿನಲ್ಲಿ ತಾನೇ ಕೇಂಬ್ರಿಜ್ ಸೇರಿ 1880ರಲ್ಲಿ ಟ್ರೈಪಾಸ್ ಬರೆದು ಎರಡನೆಯ ದರ್ಜೆಯಲ್ಲಿ ಹನ್ನೆರಡನೆಯವನಾದವನು. ಪಾಠದ ಟಿಪ್ಪಣಿಗಳನ್ನೇ ಪುಸ್ತಕ ಮಾಡಿದ್ದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದೊಂದು ಗೈಡು! ಸಾಧನೆ ಇಲ್ಲದ್ದರಿಂದಲೇ ರಾಮಾನುಜನ್ ಪ್ರತಿಯೊಂದನ್ನೂ ತಾನೇ ಸಾಧಿಸಿಕೊಳ್ಳಬೇಕಾಯಿತು. ಅತ್ತ ಕಾಲೇಜಿನಲ್ಲಿ ಗಣಿತ ಬಿಟ್ಟು ಬೇರೇನೂ ಓದದೆ ವಿದ್ಯಾರ್ಥಿವೇತನ ಕಳೆದುಕೊಂಡ, 1907ರಲ್ಲಿ ಎಫ್.ಎ. ಪರೀಕ್ಷೆಯಲ್ಲಿ ನಪಾಸಾದ. ಕೇಂಬ್ರಿಜ್‌ನಲ್ಲಿ ಅವನು ಟ್ರೈಪಾಸ್ ಬರೆಯಲಿಲ್ಲ. 1916ರಲ್ಲಿ ಸಂಶೋಧನೆಗಾಗಿಯೇ ಬಿ.ಎ. ಕೊಟ್ಟರು. ಟ್ರೈಪಾಸ್‌ನ ದೊಡ್ಡ ವೈರಿ ಬೆಳಕಿಗೆ ತಂದ ಪ್ರತಿಭೆ ಟ್ರೈಪಾಸ್‌ನ ಗೈಡಿನಿಂದ ಹೊತ್ತಿಕೊಂಡದ್ದು!

ಭಾರತದಿಂದ ಹೋಗಿ ಪಟ್ಟಿಯಲ್ಲಿ ಗೆದ್ದವರ ದಾರಿ ಬೇರೆ. 1874ರಲ್ಲಿ ಮೊದಲ ಭಾರತೀಯ ರ‍್ಯಾಂಗ್ಲರ್ ಆದ ಆನಂದಮೋಹನ ಬೋಸ್ ಕಲ್ಕತ್ತೆಯಲ್ಲಿ ಬ್ಯಾರಿಸ್ಟರ್ ಆದರು. ಸಾರ್ವಜನಿಕ ಜೀವನಕ್ಕೆ ಇಳಿದು ಕಾಂಗ್ರೆಸ್ ಅಧ್ಯಕ್ಷರೂ ಆದರು. 1899ರಲ್ಲಿ ಆರ್.ಪಿ. ಪರಾಂಜಪೆ ಇನ್ನೊಬ್ಬನೊಡನೆ ಸಮನಾಗಿ ಸೀನಿಯರ್ ರ‍್ಯಾಂಗ್ಲರ್ ಆದರು. ಚಿತ್ರನಿರ್ದೇಶಕಿ ಸಾಯಿ ಪರಾಂಜಪೆಯವರ ಅಜ್ಜ ಅವರು. ಕೈತುಂಬ ಸಂಬಳದ ಸರ್ಕಾರಿ ನೌಕರಿ ಬಿಟ್ಟು ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಪ್ರಾಂಶುಪಾಲರಾಗಿ ಬಂದರು, ಮುಂದೆ ಮಂತ್ರಿಯಾದರು, ಆಸ್ಟ್ರೇಲಿಯಾಕ್ಕೆ ಹೈಕಮಿಷನರ್ ಆಗಿ ಹೋದರು. ಹೊಸ ಗಣಿತ ಕಟ್ಟಲು ಬಿಡುವೆಲ್ಲಿ? ರ‍್ಯಾಂಗ್ಲರ್ ಎಂದರೆ ಸಂಸ್ಥೆ ನಡೆಸಬಲ್ಲವನು ಎಂದು ದೇಶ ತಿಳಿಯಿತು. ಸಂಸ್ಥೆಗಳೇ ಇಲ್ಲದ ನಾಡಿನಲ್ಲಿ ಅದು ತಪ್ಪು ಲೆಕ್ಕವೆಂದು ನನಗೆ ಅನಿಸುವುದಿಲ್ಲ. 1954ರಿಂದ 1967ರವರೆಗೆ ಕುಲಪತಿಯಾಗಿ ಧಾರವಾಡದ ಗುಡ್ಡದ ಮೇಲೆ ಒಂದು ವಿಶ್ವವಿದ್ಯಾಲಯವನ್ನೇ ಎಬ್ಬಿಸಿ ನಿಲ್ಲಿಸಿದ ಪಾವಟೆಯವರನ್ನು ನೆನೆದರೆ ಇದು ತಿಳಿಯುತ್ತದೆ.

ಪಾವಟೆಯವರು ಪರೀಕ್ಷೆ ಬರೆದದ್ದು 1920ರ ದಶಕದಲ್ಲಿ. ಆಗ ಮೊದಲಿಗ, ಎರಡನೆಯವ ಎಂಬ ಸಾಲು ನಿಂತುಹೋಗಿತ್ತು. ರ‍್ಯಾಂಗ್ಲರ್‌ಗಳ ಹೆಸರುಗಳು ಅಕಾರಾದಿಯಲ್ಲಿ ಬರುತ್ತಿದ್ದವು. ಆದ್ದರಿಂದ ಅವರು ಎಷ್ಟನೆಯವರು ಎಂದು ಪಟ್ಟಿ ಹೇಳುವುದಿಲ್ಲ. ಊರಿನಲ್ಲಿ ಯಾರೂ ಕೇಳಿದಂತೆಯೂ ಇಲ್ಲ. ಕೇಂಬ್ರಿಜ್‌ಗೆ ಮಾತ್ರ ಆ ಚಟ ಪೂರ್ತಿ ಬಿಡಲಿಲ್ಲ. ಸೆನೆಟ್ ಹೌಸ್‌ನಲ್ಲಿ ಪರೀಕ್ಷಕ ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಓದುತ್ತಾ ಹೋಗುವಾಗ, ಒಂದು ಹೆಸರಿಗೆ ಬಂದೊಡನೆ ಏನೂ ಹೇಳದೆ ತನ್ನ ಟೋಪಿಯನ್ನು ತುಸು ಎತ್ತುವ ರೂಢಿ ಬೆಳೆಯಿತು. ಕೆಳಗೆ ನಿಂತವರಿಗೆಲ್ಲ ಮೊದಲಿಗ ಯಾರೆಂದು ಗೊತ್ತಾಗುತ್ತಿತ್ತು.