ಹುಮ್ಮಸ್ಸಿಗೆ ಮದ್ದು ಕೇಳುವವರಾರು?

ಖಿನ್ನತೆಯ ಚರಿತ್ರೆಯನ್ನು ಓದುವಾಗ ನನ್ನನ್ನು ಕಾಡಿದ್ದು ಒಂದು ಸರಳ ಸಂಗತಿ. ಮನಸ್ಸು ಕುಸಿದಾಗ ನಾವು ವೈದ್ಯರ ಬಳಿ ಹೋಗುತ್ತೇವೆ, ಉಕ್ಕಿದಾಗ ಹೋಗುವುದಿಲ್ಲ. ಹುಮ್ಮಸ್ಸಿಗೆ ಮದ್ದು ಕೇಳುವವರಾರು?

1854ರಲ್ಲಿ ಪ್ಯಾರಿಸ್ಸಿನ ಇಬ್ಬರು ವೈದ್ಯರು, ಬೈಯಾರ್ಜೆ ಮತ್ತು ಫಾಲ್ರೆ, ಉನ್ಮಾದವೂ ವಿಷಾದವೂ ಒಂದೇ ಕಾಯಿಲೆಯ ಎರಡು ಮುಖಗಳೆಂದು ಕೆಲವೇ ದಿನಗಳ ಅಂತರದಲ್ಲಿ ಮಂಡಿಸಿದರು. ಮೊದಲು ಹೇಳಿದ್ದು ಯಾರೆಂದು ಜಗಳವೂ ಆಯಿತು. ಇಬ್ಬರೂ ಹುಚ್ಚಾಸ್ಪತ್ರೆಯಲ್ಲಿ ಕೆಲಸ ಮಾಡಿದವರು. ಅಲ್ಲಿಗೆ ಬರುತ್ತಿದ್ದುದು ಹೆಚ್ಚಾಗಿ ಕಾಯಿಲೆಯ ಉಗ್ರ ರೂಪ.

ಸೌಮ್ಯ ರೂಪ ಕಾಣಬೇಕಾದರೆ ಬೇರೆಡೆ ಕೂರಬೇಕಿತ್ತು. ಜರ್ಮನಿಯ ಗೋರ್ಲಿಟ್ಸ್‌ನಲ್ಲಿ ಖಾಸಗಿ ಆಸ್ಪತ್ರೆ ನಡೆಸುತ್ತಿದ್ದ ಕಾಲ್‌ಬೌಮ್ 1882ರಲ್ಲಿ ಅದನ್ನು ಸೈಕ್ಲೋಥೈಮಿಯಾ ಎಂದು ಕರೆದ. ಅವನ ಶಿಷ್ಯ ಹೆಕರ್ 1898ರಲ್ಲಿ ಇನ್ನೂ ಸೂಕ್ಷ್ಮವಾದ ಮಾತು ಬರೆದ: ಇಂಥವರು ಬರುವುದು ಖಿನ್ನತೆಯ ದೂರು ಹೊತ್ತು, ನಡುನಡುವಿನ ಲಘು ಉದ್ರೇಕವು ರೋಗಿಯ ಕಣ್ಣಿಗೂ ವೈದ್ಯನ ಕಣ್ಣಿಗೂ ಸುಲಭವಾಗಿ ತಪ್ಪಿಹೋಗುತ್ತದೆ.

ಮರುವರ್ಷವೇ ಕ್ರೇಪೆಲಿನ್ ಇವೆಲ್ಲವನ್ನೂ 'ಉನ್ಮಾದ-ಖಿನ್ನತೆ' ಎಂಬ ಒಂದೇ ಸೂರಿನಡಿ ತಂದ. ಸೌಮ್ಯ ರೂಪಗಳಿಗೆ ಅಲ್ಲಿ ಜಾಗವಿತ್ತು, ಆದರೆ ಪ್ರತ್ಯೇಕ ಗುರುತಿರಲಿಲ್ಲ. 1966ರಲ್ಲಿ ಸ್ವಿಟ್ಜರ್ಲೆಂಡಿನ ಆಂಗ್ಸ್ಟ್, ಸ್ವೀಡನ್ನಿನ ಪೆರಿಸ್ ತಂತಮ್ಮ ಅಧ್ಯಯನಗಳಿಂದ ಏಕಧ್ರುವ ಮತ್ತು ದ್ವಿಧ್ರುವ ಕಾಯಿಲೆಗಳನ್ನು ಬೇರ್ಪಡಿಸಿದರು. ಆಗ ಹೊಸ ತೊಡಕು ಹುಟ್ಟಿತು: ಖಿನ್ನತೆಗಾಗಿ ಆಸ್ಪತ್ರೆ ಸೇರಿದ, ಆದರೆ ಹುಮ್ಮಸ್ಸಿಗಾಗಿ ಎಂದೂ ಸೇರದ ರೋಗಿ ಯಾವ ಕಡೆಯವನು? 1976ರಲ್ಲಿ ಅಮೆರಿಕದ ಡನ್ನರ್, ಗರ್ಶನ್, ಗುಡ್ವಿನ್ ಅಂಥವರನ್ನು 'ಬೈಪೋಲಾರ್ 2' ಎಂದು ಗುರುತಿಸಿದರು. ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಆ ಹೆಸರು ಸೇರಿದ್ದು 1994ರಲ್ಲಿ, ಹೆಕರ್ ಬರೆದು ಸುಮಾರು ನೂರು ವರ್ಷಗಳಾದ ಮೇಲೆ.

ಇದು ಬರೀ ಹೆಸರಿನ ಜಗಳವಲ್ಲ. ದ್ವಿಧ್ರುವ ಕಾಯಿಲೆ ಇರುವ ಕೆಲವರಲ್ಲಿ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಮನಸ್ಸು ಇನ್ನೊಂದು ತುದಿಗೆ ಜಿಗಿಯಬಹುದು. ಲಿಥಿಯಂನಂಥ ಬೇರೆ ಮದ್ದು ಬೇಕಾಗಬಹುದು. ಹಾಗೆಂದು ಒಂದು ಸಂಜೆಯ ಸಂಭ್ರಮ ರೋಗವಲ್ಲ. ನಿದ್ದೆ ಕಡಿಮೆಯಾದರೂ ದಣಿವಿಲ್ಲದ, ಮಾತು, ಖರ್ಚು, ಯೋಜನೆಗಳು ಏರುತ್ತಲೇ ಹೋಗುವ ಸ್ಥಿತಿ ಕನಿಷ್ಠ ನಾಲ್ಕು ದಿನ ಇರಬೇಕು, ಅದು ಸುತ್ತಲಿನವರಿಗೂ ಕಾಣಬೇಕು ಎನ್ನುತ್ತದೆ ಆ ಕೈಪಿಡಿ.

'ಸುತ್ತಲಿನವರಿಗೂ' ಎಂಬ ಪದ ನನಗೆ ಮುಖ್ಯವೆನಿಸುತ್ತದೆ. ಕುಸಿದು ಕೂತವನಿಗೆ ತನ್ನ ಹಳೆಯ ಉತ್ಸಾಹ ನೆನಪಾದರೂ ಅದು ತಾನು ಚೆನ್ನಾಗಿದ್ದ ಕಾಲವೆಂದೇ ತೋರುತ್ತದೆ. ಆದ್ದರಿಂದ ವೈದ್ಯರು ಅವನ ದುಃಖವನ್ನು ಕೇಳಿದ ಮೇಲೆ, ಜೊತೆಗೆ ಬಂದ ಅಕ್ಕನನ್ನೋ ಹೆಂಡತಿಯನ್ನೋ ಅವನ ಒಳ್ಳೆಯ ದಿನಗಳ ಬಗ್ಗೆಯೂ ಕೇಳಬೇಕಾಗುತ್ತದೆ.