ಹೋಮ್ ಥಿಯೇಟರ್ ಸ್ಪೀಕರ್: ಸಿನಿಮಾಕ್ಕೂ ಸಂಗೀತಕ್ಕೂ ಒಪ್ಪುವ ಆಯ್ಕೆ ಹೇಗೆ?

ಗದಗ ಸೀಮೆಯಲ್ಲಿ ಸಂಗೀತ ಕೇಳುವುದು ಹೊಸ ಹವ್ಯಾಸವೇನಲ್ಲ. ಪಂ. ಪಂಚಾಕ್ಷರಿ ಗವಾಯಿ (1892–1944) ಅವರು ಕಟ್ಟಿದ ವೀರೇಶ್ವರ ಪುಣ್ಯಾಶ್ರಮ, ಅದನ್ನು ಬೆಳೆಸಿದ ಪಂ. ಪುಟ್ಟರಾಜ ಗವಾಯಿ (1914–2010), ಇದೇ ಸೀಮೆಯಲ್ಲಿ ಜನಿಸಿ ಭಾರತರತ್ನ ಪಡೆದ ಪಂ. ಭೀಮಸೇನ ಜೋಶಿ (1922–2011) – ಇವರಿಂದಾಗಿ ಖ್ಯಾಲ್, ವಚನ, ದಾಸರ ಪದಗಳು ಇಲ್ಲಿನ ಮನೆಮಾತಾಗಿವೆ. ಸಿಂಗಟಾಲೂರು ಏತ ನೀರಾವರಿ ಯೋಜನೆಯ ಬ್ಯಾರೇಜಿನಿಂದ ಪರಿಚಿತವಾಗಿರುವ, ತುಂಗಭದ್ರೆಯ ದಡದ ಹಮ್ಮಿಗಿಯಂಥ ಊರಿನ ಪಡಸಾಲೆಯಾಗಲಿ, ಬೆಂಗಳೂರಿನ ಅಪಾರ್ಟ್‌ಮೆಂಟ್ ಆಗಲಿ, ದೊಡ್ಡ ಪರದೆಯ ಟಿ.ವಿ.ಗೆ ಸ್ಪೀಕರ್ ಜೋಡಿಸಲು ಹೊರಟವರ ಮುಂದಿರುವ ಪ್ರಶ್ನೆ ಒಂದೇ: ರಾತ್ರಿ ಸಿನಿಮಾ ನೋಡುವ ಸ್ಪೀಕರಿನಲ್ಲಿಯೇ ಬೆಳಗಿನ ತೋಡಿ ರಾಗವನ್ನೂ ನೆಮ್ಮದಿಯಿಂದ ಕೇಳಬಹುದೇ?

ಕೇಳಬಹುದು. ಆದರೆ ಅಂಗಡಿಯಲ್ಲಿ ಕಣ್ಣಿಗೆ ಬೀಳುವ ಐದು ಪುಟ್ಟ ಪೆಟ್ಟಿಗೆ ಮತ್ತು ಒಂದು ದೊಡ್ಡ ಪೆಟ್ಟಿಗೆಯ ಸಿದ್ಧ ಸೆಟ್ ಅನ್ನು ಎತ್ತಿಕೊಂಡು ಬಂದರೆ ಆ ಆಸೆ ಈಡೇರುವುದು ಕಷ್ಟ. ಗುಡುಗು, ಸ್ಫೋಟಗಳು ಮೈ ನಡುಗಿಸುತ್ತವೆ. ಗಾಯಕನ ದನಿ ಮಾತ್ರ ಹಾಳುಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಇದಕ್ಕೆ ಕಾರಣವನ್ನು ತಿಳಿದುಕೊಂಡರೆ ಆಯ್ಕೆ ಸುಲಭವಾಗುತ್ತದೆ.

ಸಿನಿಮಾದ ಧ್ವನಿ ಬೇರೆ, ಸಂಗೀತದ ಧ್ವನಿ ಬೇರೆ

ಹೋಮ್ ಥಿಯೇಟರ್ ಎಂಬುದು ಚಿತ್ರಮಂದಿರದ ಧ್ವನಿಯನ್ನು ಮನೆಗೆ ತರುವ ವ್ಯವಸ್ಥೆ. ಡಾಲ್ಬಿ ಡಿಜಿಟಲ್ ತಂತ್ರಜ್ಞಾನವು 1992ರಲ್ಲಿ 'ಬ್ಯಾಟ್‌ಮನ್ ರಿಟರ್ನ್ಸ್' ಚಿತ್ರದೊಂದಿಗೆ ಚಿತ್ರಮಂದಿರಗಳಿಗೆ ಬಂದಿತು. ಅದರ 5.1 ವಿನ್ಯಾಸದಲ್ಲಿ ಎಡ, ಬಲ, ಮಧ್ಯ ಹಾಗೂ ಹಿಂಬದಿಯ ಎರಡು ಸೇರಿ ಐದು ಮುಖ್ಯ ವಾಹಿನಿಗಳಿವೆ. '.1' ಎಂದರೆ ಸುಮಾರು 120 ಹರ್ಟ್ಜ್‌ಗಿಂತ ಕೆಳಗಿನ ಗುಡುಗಿನ ಧ್ವನಿಗೆಂದೇ ಮೀಸಲಾದ ವಾಹಿನಿ. ಮಾತುಗಳಲ್ಲಿ ಹೆಚ್ಚಿನ ಪಾಲು ಮಧ್ಯದ ಸ್ಪೀಕರಿನಿಂದಲೇ ಬರುತ್ತದೆ.

ಸಂಗೀತದ ಲೆಕ್ಕವೇ ಬೇರೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಎರಡೇ ವಾಹಿನಿಗಳದ್ದು. ಇಂದು ಮೊಬೈಲ್ ಮೂಲಕ ಕೇಳುವ ಹಾಡುಗಳಲ್ಲಿಯೂ ಹೆಚ್ಚಿನವು ಹಾಗೆಯೇ ಇವೆ. ಎಡ ಮತ್ತು ಬಲದ ಎರಡು ಸ್ಪೀಕರ್‌ಗಳು ಸರಿಯಾಗಿ ಕೂಡಿದಾಗ ಗಾಯಕ ನಡುವೆ ಕುಳಿತಂತೆ, ತಬಲಾ ಒಂದು ಬದಿಗೆ, ಹಾರ್ಮೋನಿಯಂ ಇನ್ನೊಂದು ಬದಿಗೆ ಇರುವಂತೆ ಭಾಸವಾಗುತ್ತದೆ. ಉಳಿದ ಸ್ಪೀಕರ್‌ಗಳಿಗೆ ಇಲ್ಲಿ ಕೆಲಸವಿಲ್ಲ. ಹೀಗಾಗಿ ಸಂಗೀತದ ಮಟ್ಟಿಗೆ ಇಡೀ ಸೆಟ್ಟಿನ ಯೋಗ್ಯತೆ ನಿಂತಿರುವುದು ಮುಂದಿನ ಎರಡು ಸ್ಪೀಕರ್‌ಗಳ ಮೇಲೆಯೇ.

ದನಿ ಒಡೆಯುವುದು ಎಲ್ಲಿ?

ಸಿದ್ಧ ಸೆಟ್ಟುಗಳ ಪುಟ್ಟ ಸ್ಪೀಕರಿನೊಳಗಿನ ಕೋನ್ ಸಾಮಾನ್ಯವಾಗಿ ಎರಡೂವರೆ, ಮೂರು ಇಂಚಿನದು. ಇಷ್ಟು ಚಿಕ್ಕ ಕೋನ್ 150 ಹರ್ಟ್ಜ್‌ಗಿಂತ ಕೆಳಗಿನ ಧ್ವನಿಯನ್ನು ಬಲವಾಗಿ ಹೊರಡಿಸಲಾರದು. ಆದ್ದರಿಂದ ಅದಕ್ಕಿಂತ ಕೆಳಗಿನದನ್ನೆಲ್ಲ ಮೂಲೆಯಲ್ಲಿರುವ ಸಬ್‌ವೂಫರಿಗೆ ವಹಿಸಲಾಗುತ್ತದೆ. ಹೀಗೆ ಧ್ವನಿ ಇಬ್ಭಾಗವಾಗುವ ಗಡಿಗೆ 'ಕ್ರಾಸ್‌ಓವರ್' ಎಂದು ಹೆಸರು.

ಕರಿ ಒಂದರ ಶ್ರುತಿಗೆ ಹಾಡುವ ಪುರುಷ ಗಾಯಕರ ಮಧ್ಯ ಷಡ್ಜ ಸುಮಾರು 139 ಹರ್ಟ್ಜ್. ಅದೇ ಶ್ರುತಿಯ ತಂಬೂರಿಯ ಖರ್ಜದ ತಂತಿ ಅದರ ಅರ್ಧ, ಅಂದರೆ ಸುಮಾರು 69 ಹರ್ಟ್ಜ್. ಎಂದರೆ 150 ಹರ್ಟ್ಜ್‌ನಲ್ಲಿ ಗಡಿ ಹಾಕಿದರೆ ಗಾಯಕನ ಷಡ್ಜದ ಮೂಲಸ್ವರವು ಮೂಲೆಯ ಪೆಟ್ಟಿಗೆಗೂ ಅದರ ಮೇಲಿನ ಅನುಸ್ವರಗಳು ಟಿ.ವಿ. ಪಕ್ಕದ ಪೆಟ್ಟಿಗೆಗೂ ಹಂಚಿಹೋಗುತ್ತವೆ. ಒಂದೇ ಕಂಠ ಎರಡು ಕಡೆಯಿಂದ ಕೇಳುತ್ತದೆ. ತಬಲಾ ಜೋಡಿಯ ಎಡಗೈ ಡಗ್ಗಾದ ಮೀಂಡ್ ಕೂಡ ನಡುವೆ ತುಂಡಾಗುತ್ತದೆ. ಸಿನಿಮಾದ ಅಬ್ಬರದಲ್ಲಿ ಈ ಒಡಕು ಅಷ್ಟಾಗಿ ಗೊತ್ತಾಗುವುದಿಲ್ಲ. ವಿಲಂಬಿತ ಖ್ಯಾಲಿನಲ್ಲಿ ಅಡಗುವುದಿಲ್ಲ.

ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಧ್ವನಿ ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದನ್ನು ಕಿವಿ ಸುಲಭವಾಗಿ ಗುರುತಿಸಲಾರದು. ಆದ್ದರಿಂದಲೇ ಹೋಮ್ ಥಿಯೇಟರುಗಳಲ್ಲಿ ಕ್ರಾಸ್‌ಓವರ್ ಅನ್ನು 80 ಹರ್ಟ್ಜ್‌ಗೆ ಇಡುವ ರೂಢಿಯಿದೆ. ಆದರೆ ಹಾಗೆ ಇಡಬೇಕಾದರೆ ಮುಂದಿನ ಸ್ಪೀಕರ್‌ಗಳು 80 ಹರ್ಟ್ಜ್‌ವರೆಗೆ, ಸಾಧ್ಯವಾದರೆ ಇನ್ನೂ ಕೆಳಗೆ ಇಳಿಯುವಂತಿರಬೇಕು. ಐದರಿಂದ ಆರೂವರೆ ಇಂಚಿನ ವೂಫರ್ ಉಳ್ಳ ಬುಕ್‌ಶೆಲ್ಫ್ ಸ್ಪೀಕರ್ ಅಥವಾ ನೆಲದ ಮೇಲೆ ನಿಲ್ಲುವ ಟವರ್ ಸ್ಪೀಕರ್ ಈ ಕೆಲಸಕ್ಕೆ ತಕ್ಕವು.

ಮೊದಲು ಎರಡು, ಆಮೇಲೆ ಐದು

ಹಣ ಒಂದೇ ಸಲಕ್ಕೆ ಕೂಡಿಬರದಿದ್ದರೆ ಹಂತ ಹಂತವಾಗಿ ಕೊಳ್ಳುವುದೇ ಜಾಣತನ.

* ಮೊದಲ ಹಂತ: ಒಳ್ಳೆಯ ಎರಡು ಮುಂದಿನ ಸ್ಪೀಕರ್ ಮತ್ತು ಮುಂದೆ ವಿಸ್ತರಿಸಬಹುದಾದ 5.1 ರಿಸೀವರ್. ಸ್ಪೀಕರ್‌ಗೆಂದು ತೆಗೆದಿರಿಸಿದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಎರಡಕ್ಕೇ ಸಲ್ಲಲಿ.

* ಎರಡನೆಯ ಹಂತ: ಮಧ್ಯದ ಸ್ಪೀಕರ್. ಇದು ಮುಂದಿನ ಎರಡರ ಕಂಪನಿ ಮತ್ತು ಸರಣಿಯದ್ದೇ ಆಗಿರಬೇಕು. ಇಲ್ಲವಾದರೆ ಪಾತ್ರವೊಂದು ಪರದೆಯ ಎಡದಿಂದ ಬಲಕ್ಕೆ ನಡೆಯುವಾಗ ನಡುವೆ ದನಿಯ ಬಣ್ಣವೇ ಬದಲಾಗುತ್ತದೆ.

* ಮೂರನೆಯ ಹಂತ: ಸಬ್‌ವೂಫರ್. ಸಂಗೀತ ಪ್ರಿಯರಿಗೆ ಸದ್ದಿನ ದೊಡ್ಡತನಕ್ಕಿಂತ ಬಿಗಿ ಮುಖ್ಯ. ಡಗ್ಗಾದ ಪೆಟ್ಟು ಬಿದ್ದೊಡನೆ ಕೇಳಿ, ನಿಂತೊಡನೆ ನಿಲ್ಲಬೇಕು, ಹೊಗೆಯಂತೆ ಕವಿದುಕೊಳ್ಳಬಾರದು.

* ಕೊನೆಯ ಹಂತ: ಹಿಂಬದಿಯ ಎರಡು ಸ್ಪೀಕರ್. ಇವು ಚಿಕ್ಕದಾಗಿದ್ದರೂ ನಡೆಯುತ್ತದೆ.

ಸೌಂಡ್‌ಬಾರ್ ಈಗ ಜನಪ್ರಿಯ. ಟಿ.ವಿ.ಯ ಮಾತು ಸ್ಪಷ್ಟವಾಗಿ ಕೇಳಲಿ ಎಂಬ ಉದ್ದೇಶಕ್ಕೆ ಅದು ಸಾಕು. ಆದರೆ ಮೂರಡಿ ಉದ್ದದ ಒಂದೇ ಪೆಟ್ಟಿಗೆಯೊಳಗೆ ಎಡ–ಬಲ ಎರಡೂ ಇರುವುದರಿಂದ, ಆರೇಳು ಅಡಿ ಅಂತರದಲ್ಲಿಟ್ಟ ಎರಡು ಸ್ಪೀಕರ್‌ಗಳು ಕಟ್ಟಿಕೊಡುವ ವಿಸ್ತಾರವನ್ನು ಅದರಿಂದ ನಿರೀಕ್ಷಿಸಲಾಗದು. ಸ್ಥಳ ಕಡಿಮೆ ಇರುವವರಿಗೆ, ಆಂಪ್ಲಿಫೈಯರ್ ಒಳಗೊಂಡ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್ ಉತ್ತಮ ಪರ್ಯಾಯ. ಎಚ್.ಡಿ.ಎಂ.ಐ. ಎ.ಆರ್.ಸಿ. ಅಥವಾ ಆಪ್ಟಿಕಲ್ ಜೋಡಣೆ ಇರುವಂಥದ್ದನ್ನು ಕೊಂಡರೆ ನೇರವಾಗಿ ಟಿ.ವಿ.ಗೆ ಸೇರಿಸಬಹುದು.

ವ್ಯಾಟ್ ಎಂಬ ಮಾಯೆ

ಪೆಟ್ಟಿಗೆಯ ಮೇಲೆ ಸಾವಿರಾರು ವ್ಯಾಟ್ 'ಪಿ.ಎಂ.ಪಿ.ಒ.' ಎಂದು ಅಚ್ಚಾಗಿದ್ದರೆ ಅದನ್ನು ನಂಬಬೇಕಾಗಿಲ್ಲ. ಅದಕ್ಕೆ ಒಪ್ಪಿತ ಮಾನದಂಡವೇ ಇಲ್ಲ. ನೋಡಬೇಕಾದದ್ದು ಆರ್.ಎಂ.ಎಸ್. ವ್ಯಾಟ್, ಅದೂ ಎಷ್ಟು ಓಮ್‌ಗೆ, ಎಷ್ಟು ವಾಹಿನಿಗಳು ಏಕಕಾಲಕ್ಕೆ ನಡೆಯುವಾಗ ಎಂಬ ವಿವರದೊಂದಿಗೆ.

ವ್ಯಾಟಿಗಿಂತ ಮುಖ್ಯವಾದದ್ದು ಸ್ಪೀಕರಿನ ಸೆನ್ಸಿಟಿವಿಟಿ, ಅಂದರೆ ನಿಗದಿತ ವಿದ್ಯುತ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಕೇಳುವ ಸದ್ದಿನ ಪ್ರಮಾಣ. 87 ಡೆಸಿಬಲ್‌ನ ಸ್ಪೀಕರಿಗೆ 100 ವ್ಯಾಟ್ ಬೇಕಾದಲ್ಲಿ 90 ಡೆಸಿಬಲ್‌ನ ಸ್ಪೀಕರಿಗೆ 50 ವ್ಯಾಟ್ ಸಾಕು. ವ್ಯಾಟ್ ಇಮ್ಮಡಿಯಾದರೆ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಸದ್ದು ಇಮ್ಮಡಿಯಾದಂತೆ ತೋರಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಸ್ಪೀಕರ್ 4 ಓಮ್‌ನದಾಗಿದ್ದರೆ ರಿಸೀವರ್ ಅದಕ್ಕೆ ತಕ್ಕುದೇ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಕೋಣೆಯ ಪಾತ್ರ

ಎಷ್ಟೇ ಬೆಲೆಯ ಸ್ಪೀಕರ್ ಆದರೂ ಕೋಣೆ ಸಹಕರಿಸದಿದ್ದರೆ ಫಲವಿಲ್ಲ. ಜಂತಿಗಳ ಏರುತಗ್ಗಿನ ಸೂರುಳ್ಳ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಧ್ವನಿ ಚದುರಿ ಮೆದುವಾಗುತ್ತದೆ. ಟೈಲ್ಸ್ ನೆಲ, ನುಣುಪು ಗೋಡೆ, ಆರ್.ಸಿ.ಸಿ. ಚಾವಣಿಯ ಹೊಸ ಮನೆಗಳಲ್ಲಿ ಅದೇ ಧ್ವನಿ ಪುಟಿದು ಪುಟಿದು ಕಿವಿಗೆ ಚುಚ್ಚುತ್ತದೆ. ಬರಿದಾದ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ, ಝಣಝಣ ಮಾರ್ದನಿ ಕೇಳಿದರೆ ಪರಿಹಾರ ಬೇಕೆಂದೇ ಅರ್ಥ.

ದುಬಾರಿ ಫಲಕಗಳಿಗೆ ಮೊರೆಹೋಗುವ ಮುನ್ನ ಮನೆಯಲ್ಲಿಯೇ ಇರುವುದನ್ನು ಬಳಸಬಹುದು. ಸ್ಪೀಕರ್ ಮತ್ತು ಕೇಳುಗರ ನಡುವಿನ ನೆಲಕ್ಕೆ ನವಲಗುಂದದ ಜಮಖಾನದಂಥ ದಪ್ಪ ಹಾಸು, ಹಿಂದಿನ ಗೋಡೆಗೆ ಕೌದಿ, ಕಿಟಕಿಗೆ ದಪ್ಪ ಪರದೆ, ಪಕ್ಕದಲ್ಲಿ ಪುಸ್ತಕದ ಕಪಾಟು – ಇಷ್ಟರಿಂದಲೇ ಮೇಲಿನ ಸ್ವರಗಳ ಕರ್ಕಶತೆ ಬಹುಮಟ್ಟಿಗೆ ತಗ್ಗುತ್ತದೆ.

ಕೆಳಗಿನ ಸ್ವರಗಳಿಗೆ ಈ ಉಪಾಯ ನಡೆಯದು. 12 ಅಡಿ ಉದ್ದ, 10 ಅಡಿ ಅಗಲದ ಕೋಣೆಯಲ್ಲಿ ಸುಮಾರು 47 ಮತ್ತು 56 ಹರ್ಟ್ಜ್‌ಗಳ ಸ್ವರಗಳು ಗೋಡೆಗಳ ನಡುವೆ ನಿಂತು ಉಬ್ಬುತ್ತವೆ. ಸಬ್‌ವೂಫರ್ ಮೂಲೆಯಲ್ಲಿದ್ದರೆ ಈ ಉಬ್ಬರ ಗರಿಷ್ಠ. ಸರಿಯಾದ ಜಾಗ ಹುಡುಕಲು ಸರಳ ಉಪಾಯವೊಂದಿದೆ: ಸಬ್‌ವೂಫರ್ ಅನ್ನು ಕೇಳುಗರು ಕೂರುವ ಸ್ಥಳದಲ್ಲಿಟ್ಟು ತಬಲಾ ವಾದನ ಹಚ್ಚಿ, ಗೋಡೆಯಂಚಿನಲ್ಲಿ ಬಗ್ಗಿ ನಡೆಯುತ್ತ ಕೇಳಬೇಕು. ಡಗ್ಗಾ ಎಲ್ಲಿ ಸಮನಾಗಿ ಕೇಳುವುದೋ ಅಲ್ಲಿಯೇ ಸಬ್‌ವೂಫರಿನ ಸ್ಥಾನ.

ಮುಂದಿನ ಎರಡು ಸ್ಪೀಕರ್‌ಗಳು ಮತ್ತು ಕೇಳುಗ ಸಮಬಾಹು ತ್ರಿಕೋನದ ಮೂರು ಬಿಂದುಗಳಂತಿರಬೇಕು. ತೀಕ್ಷ್ಣ ಸ್ವರಗಳ ಚಿಕ್ಕ ಟ್ವೀಟರ್ ಕಿವಿಯ ಎತ್ತರಕ್ಕಿರಬೇಕು. ಜಮಖಾನದ ಮೇಲೆ ಕುಳಿತು ಕೇಳುವವರ ಕಿವಿ ಸೋಫಾದಲ್ಲಿ ಕೂರುವವರಿಗಿಂತ ಒಂದಡಿಯಷ್ಟು ಕೆಳಗಿರುತ್ತದೆ; ಸ್ಟ್ಯಾಂಡಿನ ಎತ್ತರವನ್ನು ಅದಕ್ಕೆ ಹೊಂದಿಸಬೇಕು. ಹಿಂಬದಿಯಲ್ಲಿ ಗಾಳಿರಂಧ್ರವಿರುವ ಸ್ಪೀಕರ್ ಗೋಡೆಯಿಂದ ಕನಿಷ್ಠ ಒಂದಡಿ ದೂರವಿರಲಿ.

ಹಳೆಯ ಧ್ವನಿಮುದ್ರಣಗಳು

ಕನ್ನಡ ನಾಡಿನ ಹಿಂದುಸ್ತಾನಿ ಸಂಗೀತದ ಅಮೂಲ್ಯ ಭಾಗವೊಂದು ಉಳಿದಿರುವುದು ಹಳೆಯ ಮುದ್ರಣಗಳಲ್ಲಿ. ಪಂ. ಮಲ್ಲಿಕಾರ್ಜುನ ಮನ್ಸೂರ (1910–1992), ಡಾ. ಗಂಗೂಬಾಯಿ ಹಾನಗಲ್ (1913–2009) ಅವರು ಹಾಡಲಾರಂಭಿಸಿದ ದಿನಗಳ 78 ಆರ್.ಪಿ.ಎಂ. ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಮೂರು ನಿಮಿಷದಷ್ಟೇ ಅವಕಾಶವಿತ್ತು. ಧಾರವಾಡ ಆಕಾಶವಾಣಿ ಕೇಂದ್ರ ಆರಂಭವಾದದ್ದು 1950ರಲ್ಲಿ. ಸ್ಟೀರಿಯೊ ಗ್ರಾಮಫೋನ್ ತಟ್ಟೆಗಳು ಮಾರಾಟಕ್ಕೆ ಬಂದದ್ದು 1950ರ ದಶಕದ ಕೊನೆಗೆ. ಅದಕ್ಕಿಂತ ಹಿಂದಿನವು ಒಂದೇ ವಾಹಿನಿಯ 'ಮೊನೊ' ಮುದ್ರಣಗಳು.

ಇಂಥವುಗಳನ್ನು ಕೇಳುವಾಗ ರಿಸೀವರಿನ 'ಹಾಲ್', 'ಕ್ಲಬ್', 'ಸರೌಂಡ್' ಮೊದಲಾದ ಅಲಂಕಾರಗಳನ್ನೆಲ್ಲ ನಿಲ್ಲಿಸಿ 'ಸ್ಟೀರಿಯೊ' ಅಥವಾ 'ಡೈರೆಕ್ಟ್' ಆಯ್ಕೆಯನ್ನು ಒತ್ತಬೇಕು. ತೀಕ್ಷ್ಣ ಸ್ವರಗಳನ್ನು ಎತ್ತಿ ತೋರಿಸುವ ಸ್ಪೀಕರ್ ಅಂಗಡಿಯಲ್ಲಿ ಮಿಂಚಿದರೂ, ಹಳೆಯ ತಟ್ಟೆಯ ಚರಚರ ಸದ್ದನ್ನೇ ಮುಂದೆ ತಂದು ಕಂಠವನ್ನು ಹಿಂದೆ ತಳ್ಳುತ್ತದೆ. ಮಧ್ಯಮ ಸ್ವರಗಳನ್ನು ಏರಿಳಿಸದೆ ನುಡಿಸುವ ಸ್ಪೀಕರ್ ಇಲ್ಲಿ ಗೆಲ್ಲುತ್ತದೆ. ಸಿನಿಮಾದ ಮಾತುಗಳಿಗೂ ಅಂಥದ್ದೇ ಹಿತ.

ಅಂಗಡಿಯಲ್ಲಿ ಪರೀಕ್ಷೆ ಹೇಗೆ?

ಮಾರಾಟಗಾರರು ಹಚ್ಚುವ ಹೊಡೆದಾಟದ ದೃಶ್ಯದಿಂದ ಸ್ಪೀಕರಿನ ಗುಣ ತಿಳಿಯದು. ಅಂಗಡಿಗೆ ಹೋಗುವಾಗ ಚೆನ್ನಾಗಿ ಪರಿಚಯವಿರುವ ಮೂರು ಮುದ್ರಣಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯುವುದು ಒಳಿತು.

* ಮೊನೊ ಮುದ್ರಣದ ಗಾಯನ: ದನಿ ಎರಡು ಸ್ಪೀಕರ್‌ಗಳ ನಟ್ಟನಡುವೆ ಕೇಳಬೇಕು. ಹರಡಿಕೊಂಡಂತೆ, ಟೊಳ್ಳಾದಂತೆ ಕೇಳಿದರೆ ಒಂದು ಸ್ಪೀಕರಿನ ಪ್ಲಸ್–ಮೈನಸ್ ತಂತಿಗಳು ಅದಲುಬದಲಾಗಿರುವ ಸಂಭವವಿದೆ. ಮನೆಯಲ್ಲಿ ಜೋಡಿಸಿದ ಮೇಲೆಯೂ ಇದೇ ಪರೀಕ್ಷೆ ಮಾಡಬಹುದು.

* ತಂಬೂರಿ ಸ್ಪಷ್ಟವಾಗಿರುವ ಆಲಾಪ: ತಂತಿಯ ಝೇಂಕಾರ ಕೊನೆಯವರೆಗೂ ಕೇಳಬೇಕು, ಸದ್ದು ತಗ್ಗಿಸಿದಾಗಲೂ ಮಾಯವಾಗಬಾರದು.

* ಸಿನಿಮಾದ ಸಂಭಾಷಣೆ: ಹಿನ್ನೆಲೆ ಸಂಗೀತವಿದ್ದಾಗಲೂ ಪದಗಳು ಬಿಡಿಬಿಡಿಯಾಗಿ ತಿಳಿಯಬೇಕು.

ಎರಡು ಸ್ಪೀಕರ್‌ಗಳನ್ನು ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಇರುವಂತೆ ನೋಡಿಕೊಳ್ಳಬೇಕು. ತುಸು ಜೋರಾಗಿರುವುದೇ ಕಿವಿಗೆ ಚೆಂದವೆನಿಸುವುದು ಸಹಜ. ಕನಿಷ್ಠ ಅರ್ಧ ಗಂಟೆ ಕೇಳಿದ ಮೇಲೂ ತಲೆ ಭಾರವೆನಿಸದಿದ್ದರೆ ಆ ಸ್ಪೀಕರ್ ಮನೆಗೆ ಯೋಗ್ಯ.

ಗಮನದಲ್ಲಿರಲಿ

* ವೋಲ್ಟೇಜ್ ಏರಿಳಿತವಿರುವ ಊರುಗಳಲ್ಲಿ ರಿಸೀವರಿಗೆ ಸ್ಟೆಬಿಲೈಸರ್ ಬಳಸಿ. ಗುಡುಗು–ಮಿಂಚಿನ ವೇಳೆ ಪ್ಲಗ್ ಕಿತ್ತಿಡಿ.

* ಬಾಗಿಲು ಮುಚ್ಚಿದ ಕಪಾಟಿನೊಳಗೆ ರಿಸೀವರ್ ಇಡಬೇಡಿ. ಬಿಸಿ ಹೊರಹೋಗಲು ಮೇಲೆ ಜಾಗ ಬಿಡಿ.

* ದುರಸ್ತಿ ಕೇಂದ್ರ ಹತ್ತಿರದ ನಗರದಲ್ಲಿದೆಯೇ ಎಂಬುದನ್ನು ಕೊಳ್ಳುವ ಮುನ್ನವೇ ವಿಚಾರಿಸಿ.

* ಬ್ಲೂಟೂತ್‌ನಲ್ಲಿ ಧ್ವನಿ ಸಾಮಾನ್ಯವಾಗಿ ಸಂಕುಚಿತಗೊಂಡು ಬರುತ್ತದೆ. ಗಮನವಿಟ್ಟು ಕೇಳುವಾಗ ತಂತಿ ಅಥವಾ ಪೆನ್‌ಡ್ರೈವ್ ಬಳಸಿ.

* ಸ್ಪೀಕರ್‌ಗಳ ಸಂಖ್ಯೆ ಹೆಚ್ಚಿಸುವ ಆಸೆಗೆ ಮುಂದಿನ ಎರಡರ ಗುಣಮಟ್ಟದಲ್ಲಿ ರಾಜಿಯಾಗಬೇಡಿ. ಉಳಿದ ಮೂರನ್ನು ಬರುವ ದೀಪಾವಳಿಗೂ ಕೊಳ್ಳಬಹುದು.