ಅಸ್ಥಿತಿಸ್ಥಾಪಕ ಡಿಕ್ಕಿ: ಸಂವೇಗ ಉಳಿಯುತ್ತದೆ, ಚಲನಶಕ್ತಿ ಉಳಿಯದು

2021ರ ಜನವರಿ 15ರಂದು ಹುಬ್ಬಳ್ಳಿ-ಧಾರವಾಡ ಬೈಪಾಸ್‌ನ ಇಟ್ಟಿಗಟ್ಟಿ ಬಳಿ ಮಿನಿ ಬಸ್ಸು ಹಾಗೂ ಟಿಪ್ಪರ್ ಮುಖಾಮುಖಿ ಡಿಕ್ಕಿಯಾದವು. ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ತಂಡದ ಹಲವರು ಅಸುನೀಗಿದರು. ಆಗ ಆ ಬೈಪಾಸ್ ನಡುವೆ ವಿಭಜಕವಿಲ್ಲದ ದ್ವಿಪಥ ರಸ್ತೆಯಾಗಿತ್ತು. ಇಂತಹ ಅಪಘಾತಗಳಲ್ಲಿ ಹಗುರ ವಾಹನಕ್ಕೇ ಹೆಚ್ಚು ಪೆಟ್ಟು ಬೀಳುವುದೇಕೆ? ಉತ್ತರ ಸಂವೇಗ ಸಂರಕ್ಷಣಾ ನಿಯಮದಲ್ಲಿದೆ.

ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧವೇ ಸಂವೇಗ. ಅದಕ್ಕೆ ದಿಕ್ಕೂ ಉಂಟು. ಡಿಕ್ಕಿಯ ಅಲ್ಪಕಾಲದಲ್ಲಿ ಘರ್ಷಣೆಯಂತಹ ಹೊರಬಲಗಳ ಪರಿಣಾಮ ನಗಣ್ಯವಾದ್ದರಿಂದ ಒಟ್ಟು ಸಂವೇಗ ಬದಲಾಗದು. ಆದರೆ ಚಲನಶಕ್ತಿ ಕುಗ್ಗಿದರೆ ಅದು ಅಸ್ಥಿತಿಸ್ಥಾಪಕ ಡಿಕ್ಕಿ. ಎರಡೂ ವಸ್ತುಗಳು ಅಂಟಿಕೊಂಡೇ ಸಾಗಿದರೆ ಪೂರ್ಣ ಅಸ್ಥಿತಿಸ್ಥಾಪಕ ಡಿಕ್ಕಿ ಎನಿಸುತ್ತದೆ.

ಉದಾಹರಣೆಗೆ, 4 ಟನ್ ತೂಕದ ಬಸ್ಸು ಹಾಗೂ 16 ಟನ್ ತೂಕದ ಲಾರಿ ಎದುರುಬದುರಾಗಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಬಂದು ಡಿಕ್ಕಿಯಾಗಿ ಅಂಟಿಕೊಂಡವು ಎನ್ನೋಣ. ಲಾರಿಯ ಸಂವೇಗ 960, ಬಸ್ಸಿನದು ವಿರುದ್ಧ ದಿಕ್ಕಿನಲ್ಲಿ 240, ಉಳಿಯುವುದು 720. ಇದನ್ನು ಒಟ್ಟು 20 ಟನ್‌ನಿಂದ ಭಾಗಿಸಿದರೆ, ಎರಡೂ ಲಾರಿಯ ದಿಕ್ಕಿನಲ್ಲಿ 36 ಕಿ.ಮೀ. ವೇಗದಲ್ಲಿ ಸಾಗುತ್ತವೆ. ಲಾರಿಯ ವೇಗ ಬದಲಾದದ್ದು 24 ಕಿ.ಮೀ. ಮಾತ್ರ; ಹಿಮ್ಮುಖವಾಗಿ ತಳ್ಳಲ್ಪಟ್ಟ ಬಸ್ಸಿನದು 96 ಕಿ.ಮೀ. ಒಳಗಿದ್ದವರ ಮೈಮೇಲೆ ಬೀಳುವ ಆಘಾತ ಈ ಬದಲಾವಣೆಯನ್ನೇ ಅವಲಂಬಿಸಿದೆ.

ಚಲನಶಕ್ತಿಯಲ್ಲಿ ಶೇ. 64ರಷ್ಟು ಲೋಹ ನಜ್ಜುಗುಜ್ಜಾಗುವುದರಲ್ಲಿ, ಶಾಖ ಮತ್ತು ಶಬ್ದದಲ್ಲಿ ವ್ಯಯವಾಗುತ್ತದೆ. ಎರಡೂ ವಾಹನಗಳ ವೇಗ ಅರ್ಧಕ್ಕಿಳಿದರೆ ಈ ವಿನಾಶಕ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ವೇಗಮಿತಿಗೂ ರಸ್ತೆ ವಿಭಜಕಕ್ಕೂ ಇರುವ ಮಹತ್ವ ಇದೇ.